ಗಂಟಿಗೆ ಸೂಜಿ ಹಾಕಿದರೆ ಕೆರಳುತ್ತಾ?

ಹೊಳೆನರಸೀಪುರದ ಸಂತೆಯಲ್ಲೋ, ಅರಕಲಗೂಡಿನ ಬಸ್ ಸ್ಟ್ಯಾಂಡಿನಲ್ಲೋ, ಚನ್ನರಾಯಪಟ್ಟಣದ ನೆಂಟರ ಮನೆಯಲ್ಲೋ ಕೇಳಿ ನೋಡಿ, ಮೈಮೇಲಿನ ಗಂಟಿಗೆ ಸೂಜಿ ಹಾಕಿಸಬಹುದಾ ಅಂತ. ಹೆಚ್ಚಿನವರದ್ದು ಒಂದೇ ಮಾತು: "ಬೇಡಪ್ಪ, ಕೆರಳುತ್ತೆ, ಮೈಯೆಲ್ಲ ಹರಡುತ್ತೆ."

ನಮ್ಮ ಸೋದರತ್ತೆಯೂ ಅದನ್ನೇ ಅಂದರು. ಎದೆಯಲ್ಲಿ ಅಡಿಕೆ ಗಾತ್ರದ ಗಂಟು. ನೋವಿಲ್ಲ ಅಂತ ಐದು ತಿಂಗಳು ಯಾರಿಗೂ ಹೇಳಿರಲಿಲ್ಲ. ಹಾಸನದಲ್ಲಿ ಡಾಕ್ಟರು ಬಯಾಪ್ಸಿ ಅಂದಾಗ, "ಮಲಗಿರೋ ಹಾವನ್ನ ಯಾಕೆ ಕೆಣಕೋದು ಕಣೋ, ಬೇಕಾದ್ರೆ ಆಪರೇಷನ್ ಮಾಡಿ ತೆಗೆದುಬಿಡ್ಲಿ" ಅಂತ ಹಟ ಹಿಡಿದರು.

ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಕೆಲಸದವನು. ಆದರೆ ಯಾವ ಯಂತ್ರ ಕಂಡರೂ ಒಳಗೇನಿದೆ ಅಂತ ನೋಡೋ ಚಾಳಿ ಇದೆ. ಓದಿದೆ, ಡಾಕ್ಟರನ್ನೂ ಕೇಳಿದೆ.

ಸೂಜಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಎಫ್‌ಎನ್‌ಎಸಿ. 22ರಿಂದ 25 ಗೇಜ್ ಸೂಜಿ. ಇಲ್ಲಿ ನಂಬರ್ ಹೆಚ್ಚಾದಷ್ಟೂ ಸೂಜಿ ತೆಳು. ರಕ್ತ ತೆಗೆಯೋ ಸೂಜಿಯಷ್ಟೇ, ಇಲ್ಲವೇ ಇನ್ನೂ ಸಣ್ಣದು. ಬಿಡಿಬಿಡಿ ಜೀವಕೋಶ ಹೀರಿ ಗಾಜಿನ ಮೇಲೆ ಸವರುತ್ತಾರೆ. ಥೈರಾಯ್ಡ್ ಗಂಟಿಗೆ, ಕುತ್ತಿಗೆಯಲ್ಲಿ ಟಿಬಿ ಗಂಟಿನ ಅನುಮಾನಕ್ಕೆ ಇದೇ ಎಷ್ಟೋ ಸಲ ಸಾಕಾಗುತ್ತೆ.

ಇನ್ನೊಂದು ಕೋರ್ ಬಯಾಪ್ಸಿ. ಸೂಜಿ ದಪ್ಪ, ಎದೆಗೆ ಸಾಮಾನ್ಯವಾಗಿ 14 ಗೇಜ್. ಹಿಡಿಯೊಳಗೆ ಸ್ಪ್ರಿಂಗ್ ಇರೋದರಿಂದ ಇದಕ್ಕೆ ಗನ್ ಅಂತಲೇ ಹೆಸರು. ಒಳಗಿನ ಸೂಜಿಯ ತುದಿ ಹತ್ತಿರ ಒಂದು ಕಚ್ಚು ಇರುತ್ತೆ. ಗುಂಡಿ ಒತ್ತಿದರೆ ಅದು ಮುಂದಕ್ಕೆ ಜಿಗಿಯುತ್ತೆ, ಮಾಂಸ ಕಚ್ಚಿನೊಳಗೆ ಕೂರುತ್ತೆ. ಹಿಂದೆಯೇ ಹೊರಗಿನ ಹರಿತವಾದ ಕೊಳವೆ ಸರಿದು ಅದನ್ನು ಕತ್ತರಿಸಿ ಮುಚ್ಚಿಕೊಳ್ಳುತ್ತೆ. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಸ್ವೀಡನ್ನಿನ ಪೆರ್ ಗುನ್ನರ್ ಲಿಂಡ್‌ಗ್ರೆನ್ ಇಂಥ ಸ್ಪ್ರಿಂಗ್ ಸಾಧನದ ಬಗ್ಗೆ 1982ರಲ್ಲೇ ಬರೆದಿದ್ದರು. ಇಷ್ಟು ಸರಳವಾದ ಡಿಸೈನ್ ನೋಡಿ ನನಗಂತೂ ಹೊಟ್ಟೆಕಿಚ್ಚಾಯ್ತು.

ಮರಗಟ್ಟೋ ಇಂಜೆಕ್ಷನ್ ಕೊಟ್ಟು, ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ತುದಿ ನೋಡಿಕೊಂಡೇ ಮಾಡುತ್ತಾರೆ. ಸ್ಟೇಪ್ಲರ್ ಒತ್ತಿದ ಹಾಗೆ ಟಕ್ ಅನ್ನುತ್ತೆ. ಅತ್ತೆ ಬೆಚ್ಚಬಾರದು ಅಂತ ಡಾಕ್ಟರು ಮೊದಲು ಗಾಳಿಯಲ್ಲೇ ಒಮ್ಮೆ ಟಕ್ ಅನ್ನಿಸಿ ಕೇಳಿಸಿದರು. ಬಂದದ್ದು ಶಾವಿಗೆ ಎಳೆಯಂಥ ನಾಲ್ಕು ತುಂಡು. ಅವು ನೇರ ಫಾರ್ಮಲಿನ್ ಡಬ್ಬಿಗೆ.

ಹರಡುತ್ತೆ ಅನ್ನೋ ಭಯ? ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಬೆಳೆಯೋದು ತೀರಾ ಅಪರೂಪ. ವೃಷಣದ ಗಡ್ಡೆಯಂಥ ಕೆಲವು ಕಡೆ ಡಾಕ್ಟರುಗಳೇ ಸೂಜಿ ಹಾಕಲ್ಲ, ಅದು ಅವರಿಗೆ ಗೊತ್ತಿರುತ್ತೆ. ಊರಿನ ನಂಬಿಕೆ ಹುಟ್ಟಿದ್ದು ಬೇರೆ ರೀತಿ ಅನ್ನಿಸುತ್ತೆ ನನಗೆ. ರೋಗ ಬಲಿತ ಮೇಲೆ ಆಸ್ಪತ್ರೆಗೆ ಹೋಗ್ತೀವಿ, ಸೂಜಿ ಹಾಕ್ತಾರೆ, ಆಮೇಲೆ ರೋಗಿ ಇಳಿದುಹೋಗ್ತಾರೆ. ಊರವರ ಲೆಕ್ಕ ಶುರುವಾಗೋದೇ ಸೂಜಿಯಿಂದ. ಅದಕ್ಕೆ ಹಿಂದಿನ ಐದು ತಿಂಗಳನ್ನ ಯಾರೂ ಎಣಿಸಲ್ಲ.

ಅತ್ತೆ ಹೇಳಿದ ಹಾಗೆ ಸೀದಾ ಆಪರೇಷನ್ ಮಾಡಿಬಿಟ್ಟಿದ್ದರೆ? ಗಂಟು ಏನು ಅಂತ ಗೊತ್ತಿಲ್ಲದೆ ತೆಗೆದರೆ ಎಷ್ಟು ಅಗಲಕ್ಕೆ ತೆಗೀಬೇಕು, ಕಂಕುಳಿನ ಗಂಟು ನೋಡಬೇಕಾ, ಮೊದಲು ಕೀಮೋ ಬೇಕಾ, ಯಾವುದೂ ತೀರ್ಮಾನ ಆಗಿರಲ್ಲ. ಎರಡನೇ ಆಪರೇಷನ್ ಬೀಳಬಹುದು. ಅತ್ತೆಯದು ಕ್ಯಾನ್ಸರ್ ಅಂತಲೇ ಬಂತು. ಹಾರ್ಮೋನ್ ಮಾತ್ರೆಗೆ ಬಗ್ಗೋ ಜಾತಿ ಅನ್ನೋದೂ ಆ ಶಾವಿಗೆ ಎಳೆಗಳಿಂದಲೇ ತಿಳಿದದ್ದು. ಆಪರೇಷನ್ ಆಗಿ ಈಗ ಮಾತ್ರೆ ನಡೀತಿದೆ.

ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ದರೆ ಬಯಾಪ್ಸಿಗೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ರಿಪೋರ್ಟ್ ಬಂದ ಮೇಲೆ ಲ್ಯಾಬಿನಲ್ಲಿ ಬರೀ ಕಾಗದ ಇಸ್ಕೊಂಡು ಬರಬೇಡಿ. ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ, ಅವು ಇಲ್ಲದೆ ಬೆಂಗಳೂರಿನ ಕಿದ್ವಾಯಿಗೋ ಬೇರೆ ದೊಡ್ಡ ಆಸ್ಪತ್ರೆಗೋ ಹೋದರೆ ಮತ್ತೆ ಸೂಜಿ ಹಾಕಿಸಿಕೊಳ್ಳೋ ಪಾಡು ಬರಬಹುದು. ಬ್ಲಾಕನ್ನ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಅದು ಮೇಣ.