ನೆಟ್ ಇಲ್ಲದ ಮೊಬೈಲಿಗೂ ಉತ್ತರ ಬರುತ್ತದೆ

ನಿಮ್ಮ ಕೈಯಲ್ಲಿರುವುದು ಬಟನ್ ಒತ್ತುವ ಸಾದಾ ಮೊಬೈಲೇ? ರೈಲಿನ ಟಿಕೆಟ್ ಖಚಿತವಾಯಿತೇ ಎಂದು ತಿಳಿಯಲು ಸ್ಮಾರ್ಟ್‌ಫೋನ್ ಇರುವ ಮಗ ಮನೆಗೆ ಬರುವ ತನಕ ಕಾಯುತ್ತೀರಾ? ಹಾಗಿದ್ದರೆ ಇದನ್ನು ಓದಿ.

ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ತಮ್ಮ ಪತಿಯನ್ನು ಚಿಕಿತ್ಸೆಗಾಗಿ ಮಂಗಳೂರಿನಿಂದ ಬೆಂಗಳೂರಿಗೆ ಕರೆದೊಯ್ಯಬೇಕಿತ್ತು. ಟಿಕೆಟ್ ವೈಟಿಂಗ್ ಲಿಸ್ಟ್‌ನಲ್ಲಿತ್ತು. ದಿನಾಲೂ ಪಕ್ಕದ ಮನೆಯ ಹುಡುಗನಿಂದ ನೋಡಿಸುತ್ತಿದ್ದರು. ಹೊರಡುವ ದಿನವೇ ಆತ ಊರಲ್ಲಿರಲಿಲ್ಲ. "ಟೀಚರ್, ಕಾಯಿಲೆಯವರನ್ನು ಸ್ಟೇಷನ್‌ವರೆಗೆ ಕರೆದುಕೊಂಡು ಹೋಗಿ ವಾಪಸ್ ಬರುವ ಹಾಗಾದರೆ ಏನು ಮಾಡಲಿ?" ಎನ್ನುವಾಗ ಅವರ ಕಣ್ಣು ತುಂಬಿತ್ತು. ನಾನು ಅವರ ಮೊಬೈಲಿನಲ್ಲೇ ಇಂಗ್ಲಿಷ್ ಅಕ್ಷರಗಳಲ್ಲಿ ಪಿಎನ್‌ಆರ್ ಎಂದು ಟೈಪ್ ಮಾಡಿಸಿ, ಒಂದು ಸ್ಪೇಸ್ ಬಿಟ್ಟು, ಟಿಕೆಟ್ಟಿನ ಹತ್ತು ಅಂಕೆಗಳನ್ನು ಹಾಕಿಸಿ 139ಕ್ಕೆ ಕಳಿಸಿಸಿದೆ. ಸ್ವಲ್ಪ ಹೊತ್ತಿನಲ್ಲೇ ಬೋಗಿ, ಬರ್ತ್ ಸಂಖ್ಯೆ ಬಂತು. "ಇದರಲ್ಲಿ ನೆಟ್ಟೇ ಇಲ್ಲವಲ್ಲ!" ಎಂದು ಅಚ್ಚರಿಪಟ್ಟರು.

ನೆಟ್ ಬೇಕಿರುವುದು ನಿಮ್ಮ ಮೊಬೈಲಿಗಲ್ಲ, ಆಚೆ ತುದಿಯಲ್ಲಿರುವ ಕಂಪ್ಯೂಟರಿಗೆ. ನಿಮ್ಮ ಎಸ್ಸೆಮ್ಮೆಸ್ ಮೊಬೈಲ್ ಕಂಪೆನಿಯ ಮೂಲಕ ಆ ಕಂಪ್ಯೂಟರನ್ನು ತಲುಪುತ್ತದೆ. ಅದು ತನ್ನ ದಾಖಲೆಯಲ್ಲಿ ಹುಡುಕಿ ಉತ್ತರವನ್ನು ಮತ್ತೆ ಎಸ್ಸೆಮ್ಮೆಸ್ ಆಗಿ ಕಳಿಸುತ್ತದೆ. ಪದಗಳ ನಡುವಿನ ಸ್ಪೇಸ್ ತಪ್ಪಿದರೂ ಅದಕ್ಕೆ ಅರ್ಥವಾಗದಿರಬಹುದು. ನಮ್ಮ ಹಾಗೆ ಊಹಿಸಿಕೊಳ್ಳುವ ಗುಣ ಅದಕ್ಕಿಲ್ಲ.

2008ರ ಹೊತ್ತಿಗೆ ಗೂಗಲ್ ಕೂಡ ಭಾರತದಲ್ಲಿ ಎಸ್ಸೆಮ್ಮೆಸ್ ಮೂಲಕ ಹುಡುಕುವ ಸೇವೆ ನೀಡುತ್ತಿತ್ತು. ಕ್ರಿಕೆಟ್ ಸ್ಕೋರ್, ಹವಾಮಾನದಂಥವು ಸಾದಾ ಸೆಟ್ಟಿಗೂ ಬರುತ್ತಿದ್ದವು. ಗೂಗಲ್ 2013ರಲ್ಲಿ ಈ ಹುಡುಕಾಟವನ್ನು ನಿಲ್ಲಿಸಿತು. 2020ರಲ್ಲಿ ಟ್ವಿಟ್ಟರ್ ಕೂಡ ಹೆಚ್ಚಿನ ದೇಶಗಳಲ್ಲಿ ತನ್ನ ಎಸ್ಸೆಮ್ಮೆಸ್ ಸೇವೆಯನ್ನು ಕೈಬಿಟ್ಟಿತು. ಸ್ಮಾರ್ಟ್‌ಫೋನ್ ಎಲ್ಲರ ಕೈಗೂ ಬಂದಿದೆ ಎಂದು ಅವರು ಭಾವಿಸಿರಬೇಕು. ನಮ್ಮ ಅಡುಗೆಮನೆಗಳನ್ನು ಅವರು ನೋಡಿಲ್ಲ.

ಕನ್ನಡದವರಿಗೆ ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲಾದರೆ ಒಂದು ಎಸ್ಸೆಮ್ಮೆಸ್‌ನಲ್ಲಿ 160 ಅಕ್ಷರ ಹಿಡಿಸುತ್ತದೆ, ಕನ್ನಡದಲ್ಲಿ ಬರೆದರೆ 70 ಮಾತ್ರ. ಆ 70ರಲ್ಲೂ ಒತ್ತು, ಗುಣಿತದ ಚಿಹ್ನೆಗಳೆಲ್ಲ ಬೇರೆ ಬೇರೆಯಾಗಿ ಲೆಕ್ಕಕ್ಕೆ ಬರುತ್ತವೆ. 'ಸ್ತ್ರೀ' ಎಂಬುದು ನಮಗೆ ಒಂದೇ ಅಕ್ಷರ, ಮೊಬೈಲಿಗೆ ಆರು! ಮದ್ರಸದಲ್ಲಿ ಅರಬಿ, ಶಾಲೆಯಲ್ಲಿ ಕನ್ನಡ ಕಲಿತ ತಾಯಂದಿರು ಇಂಗ್ಲಿಷ್ ಉತ್ತರದ ಮುಂದೆ ತಡವರಿಸುವುದನ್ನು ನಾನು ಬಹಳ ಕಂಡಿದ್ದೇನೆ. ಆದರೆ ಉತ್ತರದಲ್ಲಿ ನೋಡಬೇಕಾದ ಪದಗಳು ನಾಲ್ಕೈದೇ. ಮಗಳಿಂದ ಒಮ್ಮೆ ಕೇಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

139 ಒಂದೇ ಅಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲಿನಿಂದ 1947ಕ್ಕೆ ಎಸ್ಸೆಮ್ಮೆಸ್ ಕಳಿಸಿ, ಆಧಾರ್ ಸಂಖ್ಯೆಯ ಬದಲಿಗೆ ಕೊಡಬಹುದಾದ 16 ಅಂಕೆಗಳ ವಿಐಡಿ ಪಡೆಯಬಹುದು. ಜಿವಿಐಡಿ ಎಂದು ಇಂಗ್ಲಿಷಿನಲ್ಲಿ ಬರೆದು, ಸ್ಪೇಸ್ ಬಿಟ್ಟು, ಆಧಾರ್‌ನ ಕೊನೆಯ ನಾಲ್ಕು ಅಂಕೆ ಹಾಕಿದರಾಯಿತು. ಬ್ಯಾಂಕಿನ ವಿಷಯಕ್ಕೆ *99# ಇದೆ. ಇದು ಎಸ್ಸೆಮ್ಮೆಸ್ ಅಲ್ಲ, ಕರೆ ಮಾಡುವಂತೆ ಒತ್ತಿದರೆ ಪರದೆಯ ಮೇಲೆ ಪಟ್ಟಿ ಮೂಡುತ್ತದೆ. ಖಾತೆಗೆ ಜೋಡಿಸಿದ ನಂಬರಿನಿಂದಲೇ ಮಾಡಬೇಕು. ಎಲ್ಲ ಕಂಪೆನಿಯ ಸಿಮ್‌ಗಳಲ್ಲೂ ಇದು ಸಿಗುವುದಿಲ್ಲ. ಪಿನ್ ಒತ್ತುವಾಗ ಪಕ್ಕದಲ್ಲಿ ಯಾರೂ ಇರದಿರಲಿ, ಸ್ವಂತ ಅಳಿಯನೇ ಆದರೂ.

ದುಡ್ಡಿನ ವಿಷಯದಲ್ಲಿ ಎಚ್ಚರವಿರಲಿ. ಇಂಥ ಚಿಕ್ಕ ನಂಬರುಗಳಿಗೆ ಕಳಿಸುವ ಎಸ್ಸೆಮ್ಮೆಸ್‌ಗೆ ಸಾಮಾನ್ಯ ದರಕ್ಕಿಂತ ಹೆಚ್ಚು ಕಡಿತವಾಗಬಹುದು, ನಿಮ್ಮ ಪ್ಯಾಕ್ ಅದಕ್ಕೆ ಅನ್ವಯಿಸದಿರಬಹುದು. 'ಉಚಿತ' ಎಂದು ನಂಬಿ ನಾನೊಮ್ಮೆ ಬಟನ್ ಒತ್ತಿ, ಯಾವುದೋ ಹಾಡಿಗೆ ತಿಂಗಳುಗಟ್ಟಲೆ ಹಣ ಕಳೆದುಕೊಂಡಿದ್ದೆ. ನಿಮಗೂ ಹಾಗಾಗಿದ್ದರೆ 155223ಕ್ಕೆ ಕರೆ ಮಾಡಿ ಅಂಥ ಸೇವೆಯನ್ನು ನಿಲ್ಲಿಸಬಹುದು.

ಆ ತಾಯಿ ಈಗ 139ನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಟ್ಟಿದ್ದಾರೆ. ಮೊನ್ನೆ ಪಕ್ಕದ ಮನೆಯ ಹುಡುಗನ ಡಾಟಾ ಮುಗಿದಾಗ ಅವನ ಟಿಕೆಟನ್ನು ಇವರೇ ನೋಡಿಕೊಟ್ಟರಂತೆ.