ಸಿಸಿಟಿವಿಯಿಂದ ರಾತ್ರಿಯಿಡೀ ನಾಯಿ, ಬೆಕ್ಕಿನ ಅಲರ್ಟ್ ಬರ್ತಿದೆಯಾ? ನೋಟಿಫಿಕೇಶನ್ ಬಂದ್ ಮಾಡುವ ಮೊದಲು ಇಷ್ಟು ಮಾಡಿ ನೋಡಿ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾದರೆ ಅಂಗಳಕ್ಕೊಂದು ಕ್ಯಾಮೆರಾ ಹಾಕಿಸುವವರು ಈಗ ಜಾಸ್ತಿ. ಮೊದಲ ವಾರ ಎಲ್ಲರೂ ಮೊಬೈಲ್‌ನಲ್ಲಿ ನೋಡಿದ್ದೇ ನೋಡಿದ್ದು. ಆಮೇಲೆ ಕಿರಿಕಿರಿ. ರಾತ್ರಿ ಎರಡು ಗಂಟೆಗೆ ಮೊಬೈಲ್ ಟಿಣ್ ಅನ್ನುತ್ತೆ, ಎದ್ದು ನೋಡಿದ್ರೆ ಮನೆ ನಾಯಿ. ಮತ್ತೆ ಟಿಣ್, ಈ ಸಲ ಬೆಕ್ಕು. ಮೂರನೇ ಸಲ ಹುಳ. ಕೊನೆಗೆ ನೋಟಿಫಿಕೇಶನ್ ಬಂದ್ ಮಾಡಿ ಮಲಗ್ತಾರೆ. ಅಲ್ಲಿಂದ ಮುಂದೆ ಕ್ಯಾಮೆರಾ ಇರೋದು ಕಳ್ಳತನ ಆದ ಮರುದಿನ ನೋಡೋಕೆ ಮಾತ್ರ.

ಇದಕ್ಕೆ ಹೊಸ ಕ್ಯಾಮೆರಾ ಬೇಕಂತಿಲ್ಲ. ಇರೋದನ್ನೇ ಸರಿಯಾಗಿ ಕೂರಿಸಿದ್ರೆ ತಪ್ಪು ಅಲರ್ಟ್ ಬಹಳಷ್ಟು ಕಡಿಮೆಯಾಗುತ್ತೆ.

ನಿಮ್ಮ ಕ್ಯಾಮೆರಾ ಯಾವ ಬಗೆಯದ್ದು?

ಮೂರು ಬಗೆ ಇವೆ. ಒಂದು, ಬರೀ ಚಲನೆ ನೋಡುವಂಥದ್ದು. ಚಿತ್ರದಲ್ಲಿ ಏನೇ ಬದಲಾದ್ರೂ, ಬಾಳೆ ಎಲೆ ಅಲ್ಲಾಡಿದ್ರೂ, ಇದಕ್ಕೆ ಒಂದೇ. ಎರಡು, ಮೈಶಾಖ ಗುರುತಿಸುವ ಪಿಐಆರ್ ಸೆನ್ಸರ್ ಇರುವಂಥದ್ದು. ಬ್ಯಾಟರಿ ಕ್ಯಾಮೆರಾಗಳಲ್ಲಿ ಇದೇ ಹೆಚ್ಚು. ನಾಯಿಗೂ ಮನುಷ್ಯನಿಗೂ ಮೈಶಾಖ ಇರೋದರಿಂದ ಇದಕ್ಕೂ ವ್ಯತ್ಯಾಸ ಗೊತ್ತಾಗಲ್ಲ. ಮೂರು, ಎಐ ಇರುವಂಥದ್ದು. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಮನುಷ್ಯ, ಸಾಕುಪ್ರಾಣಿ, ವಾಹನ ಅಂತ ಬೇರೆ ಬೇರೆ ಆಯ್ಕೆ ಇದ್ದರೆ ನಿಮ್ಮದು ಇದು.

ಎಐ ಇದ್ದರೂ ತಪ್ಪೋದು ಯಾಕೆ?

ಎಐ ತಾನು ಕಲಿತ ಚಿತ್ರಗಳಿಂದಷ್ಟೇ ಗುರುತು ಹಿಡಿಯುತ್ತೆ. ಇಂಥ ಕೆಲಸಕ್ಕೆ ಬಹಳ ಬಳಕೆಯಲ್ಲಿರುವ, 2014ರಲ್ಲಿ ಬಂದ 'ಕೋಕೋ' ಅನ್ನುವ ಚಿತ್ರಸಂಗ್ರಹದಲ್ಲಿ 80 ವರ್ಗಗಳಿವೆ. ಅದರಲ್ಲಿ ಪ್ರಾಣಿಪಕ್ಷಿ ಹತ್ತೇ: ಹಕ್ಕಿ, ಬೆಕ್ಕು, ನಾಯಿ, ಕುದುರೆ, ಕುರಿ, ಹಸು, ಆನೆ, ಕರಡಿ, ಜೀಬ್ರಾ, ಜಿರಾಫೆ. ಜಿರಾಫೆ ಇದೆ, ಆದ್ರೆ ನಮ್ಮ ತೋಟದ ಮಂಗ, ಕಾಡುಹಂದಿ, ಚಿರತೆ ಇಲ್ಲ. ಅದನ್ನಷ್ಟೇ ಕಲಿತ ಎಐ ಎದುರಿಗೆ ಚಿರತೆ ಬಂದರೆ ನಾಯಿಯೋ ಬೆಕ್ಕೋ ಅಂದುಬಿಡಬಹುದು.

ಎರಡನೇ ಕಾರಣ ದೂರ. ಕ್ಯಾಮೆರಾ ಫುಲ್ ಎಚ್‌ಡಿ ಆಗಿದ್ದರೂ ಹಲವು ಎಐಗಳು ಚಿತ್ರವನ್ನು ಕುಗ್ಗಿಸಿಕೊಂಡು ನೋಡುತ್ತವೆ. 320 ಪಿಕ್ಸೆಲ್ ಅಗಲಕ್ಕೆ ಕುಗ್ಗಿಸುತ್ತೆ ಅಂತಿಟ್ಟುಕೊಳ್ಳಿ. 90 ಡಿಗ್ರಿ ಕೋನದ ಕ್ಯಾಮೆರಾಗೆ 20 ಅಡಿ ದೂರದಲ್ಲಿ 40 ಅಡಿ ಅಗಲದ ಜಾಗ ಕಾಣುತ್ತೆ. ಅಂದರೆ ಅಡಿಗೆ ಎಂಟೇ ಪಿಕ್ಸೆಲ್. ಎರಡು ಅಡಿ ಉದ್ದದ ನಾಯಿ ಬರೀ 16 ಪಿಕ್ಸೆಲ್! ಅಷ್ಟರಲ್ಲಿ ಅದು ನಾಯಿಯೋ ಗೋಣಿಚೀಲವೋ ಹೇಳೋದು ಕಷ್ಟ. ಅದೇ ನಾಯಿ 10 ಅಡಿಯಲ್ಲಿದ್ದರೆ 32 ಪಿಕ್ಸೆಲ್ ಸಿಗುತ್ತೆ.

ಏನು ಮಾಡಬೇಕು?

ಎತ್ತರ, ಕೋನ: ಮಾಡಿನ ತುದಿಯಲ್ಲಿ ಹಾಕಿಸಿ ನೇರ ಕೆಳಗೆ ತಿರುಗಿಸಿದ್ರೆ ನಾಯಿಯ ಬೆನ್ನು ಮಾತ್ರ ಕಾಣುತ್ತೆ. ಎಂಟರಿಂದ ಹತ್ತು ಅಡಿ ಎತ್ತರ ಸಾಕು. ಸ್ವಲ್ಪವೇ ಬಗ್ಗಿಸಿ, ಕಾಲು, ತಲೆ, ಬಾಲ ಪಕ್ಕದಿಂದ ಕಾಣುವ ಹಾಗಿರಲಿ.

ಬೆಳಕು: ರಾತ್ರಿ ಕ್ಯಾಮೆರಾ ಬಿಡುವ ಇನ್‌ಫ್ರಾರೆಡ್ ಬೆಳಕು ಹತ್ತಿರದ ಬಿಳಿ ಗೋಡೆ, ಸಜ್ಜಾಕ್ಕೆ ಬಡಿದು ವಾಪಸ್ ಬಂದರೆ ಹಿಂದಿನದೆಲ್ಲ ಕಪ್ಪಾಗುತ್ತೆ. ಕ್ಯಾಮೆರಾವನ್ನು ಗೋಡೆಯಿಂದ ಸ್ವಲ್ಪ ಆಚೆ ತಿರುಗಿಸಿ. ಅಂಗಳದಲ್ಲಿ ಒಂದು ಸಣ್ಣ ಬಲ್ಬ್ ಹಾಕಿ, ಆದ್ರೆ ಕ್ಯಾಮೆರಾದಿಂದ ದೂರ. ಹತ್ತಿರ ಹಾಕಿದ್ರೆ ಹುಳಗಳೆಲ್ಲ ಲೆನ್ಸ್ ಮುಂದೆಯೇ.

ಜೇಡರ ಬಲೆ: ಲೆನ್ಸ್ ಮುಂದಿನ ಒಂದೇ ಎಳೆ ಇನ್‌ಫ್ರಾರೆಡ್ ಬೆಳಕಲ್ಲಿ ದಪ್ಪ ಹಗ್ಗದ ಹಾಗೆ ಹೊಳೆಯುತ್ತೆ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ.

ಝೋನ್: ಆ್ಯಪ್‌ನಲ್ಲಿ ಎಲ್ಲಿ ಗಮನಿಸಬೇಕು ಅಂತ ಗೆರೆ ಎಳೆಯಬಹುದು. ಗೇಟು, ಬಾಗಿಲು, ಅಡಿಕೆ ಒಣಗುವ ಜಾಗ ಸೇರಿಸಿ. ರಸ್ತೆ, ಬಾಳೆಗಿಡ, ನಾಯಿ ಮಲಗುವ ಮೂಲೆ ಬಿಡಿ. ಪಕ್ಕದ ಮನೆಯವರ ಅಂಗಳವನ್ನೂ ಹೊರಗಿಡಿ.

ಗಾತ್ರದ ಮಿತಿ: ಇಲ್ಲೇ ಎಡವೋದು. 'ಇಷ್ಟಕ್ಕಿಂತ ಚಿಕ್ಕದು ಬೇಡ' ಅಂತ ಹಾಕಿದ್ರೆ ಬೆಕ್ಕಿನ ಅಲರ್ಟ್ ನಿಲ್ಲುತ್ತೆ ನಿಜ. ಆದರೆ ದೂರದ ಮನುಷ್ಯ ಹತ್ತಿರದ ನಾಯಿಯಷ್ಟೇ ಚಿಕ್ಕದಾಗಿ ಕಾಣ್ತಾನೆ, ಅವನೂ ತಪ್ಪಿಹೋಗ್ತಾನೆ. ಬಾಗಿಲ ಹತ್ತಿರದ ಝೋನ್‌ಗೆ ಬೇರೆ, ಗೇಟಿನ ಝೋನ್‌ಗೆ ಬೇರೆ ಮಿತಿ ಇಡಲು ಬಂದರೆ ಮಾತ್ರ ಇದನ್ನು ಬಳಸಿ.

ಸೆನ್ಸಿಟಿವಿಟಿ: ಒಂದೇ ಸಲ ಪೂರ್ತಿ ಇಳಿಸಬೇಡಿ. ಒಂದು ಹಂತ ಇಳಿಸಿ, ಮೂರು ರಾತ್ರಿ ನೋಡಿ, ಆಮೇಲೆ ಮುಂದಿನದು.

ಅಲರ್ಟ್ ಸದ್ದು: ಮನುಷ್ಯ ಕಂಡರೆ ಜೋರು ಸದ್ದು, ಸಾಕುಪ್ರಾಣಿ ಕಂಡರೆ ಸದ್ದಿಲ್ಲದೆ ರೆಕಾರ್ಡ್. ಹೀಗೆ ಬೇರೆ ಮಾಡಿದ್ರೆ ನಿದ್ದೆಯೂ ಉಳಿಯುತ್ತೆ, ವಿಡಿಯೋನೂ ಉಳಿಯುತ್ತೆ.

ಸರಿಯಾಯ್ತು ಅಂತ ತಿಳಿಯೋದು ಹೇಗೆ?

ಕತ್ತಲಾದ ಮೇಲೆ ನಾಯಿಯನ್ನು ಸರಪಳಿಯಲ್ಲಿ ಹಿಡಿದು ಗೇಟಿನಿಂದ ಬಾಗಿಲವರೆಗೆ ಹತ್ತು ಸಲ ನಡೆಸಿ. ಆಮೇಲೆ ನೀವೊಬ್ಬರೇ ಹತ್ತು ಸಲ ನಡೆಯಿರಿ, ಎರಡು ಸಲ ಬಗ್ಗಿಕೊಂಡು. ಚೀಟಿಯಲ್ಲಿ ಎರಡು ಲೆಕ್ಕ ಬರೆಯಿರಿ: ತಪ್ಪು ಹೆಸರು ಹೇಳಿದ್ದೆಷ್ಟು, ಏನೂ ಹೇಳದೆ ಬಿಟ್ಟಿದ್ದೆಷ್ಟು. ಮೊದಲನೇದು ಕಿರಿಕಿರಿ ಅಷ್ಟೇ. ಮನುಷ್ಯ ನಡೆದಾಗ ಸುಮ್ಮನಿದ್ದರೆ ಮಾತ್ರ ಸೆಟ್ಟಿಂಗ್ ವಾಪಸ್ ಏರಿಸಲೇಬೇಕು.

ಹೊಸದು ತಗೊಳ್ಳುವವರು ಅಂಗಡಿಯಲ್ಲಿ ಎರಡು ಮಾತು ಕೇಳಿ. ಗುರುತು ಹಿಡಿಯೋದು ಕ್ಯಾಮೆರಾ ಒಳಗೋ, ಇಂಟರ್ನೆಟ್ ಮೂಲಕವೋ? ಇಂಟರ್ನೆಟ್ ಮೂಲಕ ಆದರೆ ಮಳೆಗಾಲದಲ್ಲಿ ನೆಟ್ ಹೋದಾಗ ಅದೂ ಹೋಗುತ್ತೆ. ಸಾಕುಪ್ರಾಣಿ ಗುರುತಿಸೋಕೆ ತಿಂಗಳ ಚಂದಾ ಕಟ್ಟಬೇಕೋ?

ಚಿರತೆ ಓಡಾಟ ಇರುವ ಕಡೆ ಎಚ್ಚರ

ಆ್ಯಪ್ 'ಸಾಕುಪ್ರಾಣಿ' ಅಂದಿದ್ದನ್ನು ಪೂರ್ತಿ ನಂಬಬೇಡಿ. ಚಿರತೆ ಅಂಗಳಕ್ಕೆ ಬರೋದು ಹೆಚ್ಚಾಗಿ ನಾಯಿಗಾಗಿಯೇ. ನಾಯಿ ಜೋರಾಗಿ ಬೊಗಳಿದರೆ, ಅಥವಾ ಬೊಗಳುತ್ತಿದ್ದದ್ದು ಇದ್ದಕ್ಕಿದ್ದಂತೆ ಸುಮ್ಮನಾದರೆ, ಬ್ಯಾಟರಿ ಹಿಡಿದು ಹೊರಗೆ ಹೋಗಬೇಡಿ. ಮೊದಲು ಒಳಗೆ ಕೂತು ವಿಡಿಯೋ ನೋಡಿ. ಅನುಮಾನ ಬಂದರೆ ಬಾಗಿಲು ತೆಗೆಯದೆ ಅರಣ್ಯ ಇಲಾಖೆಯವರಿಗೆ ಅಥವಾ 112ಕ್ಕೆ ಫೋನ್ ಮಾಡಿ. ರಾತ್ರಿ ಹೊತ್ತು ನಾಯಿಯನ್ನು ಅಂಗಳದಲ್ಲಿ ಕಟ್ಟುವ ಬದಲು ಬಾಗಿಲಿರುವ ಗೂಡಿನಲ್ಲೋ ಮನೆ ಒಳಗೋ ಬಿಡಿ. ನಾಯಿಯೂ ಉಳಿಯುತ್ತೆ, ಅರ್ಧದಷ್ಟು ಅಲರ್ಟೂ ತಾನಾಗೇ ನಿಲ್ಲಬಹುದು.