ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದೀರಾ? ಊಟದ ಟೇಬಲ್‌ಗೆ 60 ದಿನ ಮೊದಲೇ ಅಲಾರಾಂ ಇಡಿ

ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ಗೆ ಹೋಗುವ ಕುಟುಂಬಗಳು ವೀಸಾ, ವಿಮಾನ, ಹೋಟೆಲ್, ಪಾರ್ಕ್ ಟಿಕೆಟ್ ಎಂದು ತಿಂಗಳುಗಟ್ಟಲೆ ತಯಾರಿ ನಡೆಸುತ್ತವೆ. ಊಟ ಮಾತ್ರ 'ಅಲ್ಲಿಗೆ ಹೋದ ಮೇಲೆ ನೋಡಿದರಾಯಿತು' ಎಂದು ಉಳಿದುಬಿಡುತ್ತದೆ. ಸಿಂಡರೆಲ್ಲಾ ಅರಮನೆಯೊಳಗೆ ಕೂತು ಊಟ ಮಾಡುವ ಆಸೆ ಹೊತ್ತು ಹೋದ ಮಗುವಿಗೆ ಬಾಗಿಲಲ್ಲೇ 'ಜಾಗ ಇಲ್ಲ' ಎನ್ನುವ ಉತ್ತರ ಸಿಗುವುದು ಇದರಿಂದಲೇ.

ಅರಮನೆಯೊಳಗಿನ 'ಸಿಂಡರೆಲ್ಲಾಸ್ ರಾಯಲ್ ಟೇಬಲ್', ಬಾಹ್ಯಾಕಾಶದಲ್ಲಿ ಕೂತಂತೆ ಭಾಸವಾಗುವ ಎಪ್ಕಾಟ್‌ನ 'ಸ್ಪೇಸ್ 220', ಮಿಕ್ಕಿ ಮೌಸ್ ಟೇಬಲ್ ಬಳಿಗೇ ಬಂದು ಮಾತಾಡಿಸುವ 'ಶೆಫ್ ಮಿಕ್ಕೀಸ್', ಪಾಲಿನೇಷಿಯನ್ ರೆಸಾರ್ಟ್‌ನ 'ಓಹಾನಾ' - ಇಂಥವಕ್ಕೆ ಬೇಡಿಕೆ ಬಹಳ.

ಬುಕಿಂಗ್ ತೆರೆಯುವುದು ಯಾವಾಗ?

ಊಟದ ದಿನಕ್ಕೆ 60 ದಿನ ಮೊದಲು, ಅಮೆರಿಕದ ಪೂರ್ವ ಭಾಗದ ಸಮಯ ಬೆಳಿಗ್ಗೆ 6ಕ್ಕೆ ಆನ್‌ಲೈನ್ ಬುಕಿಂಗ್ ತೆರೆಯುತ್ತದೆ. ಅಲ್ಲಿಯವರು ನಿದ್ದೆಗಣ್ಣಲ್ಲಿ ಏಳಬೇಕು, ನಮಗೆ ಆ ಕಷ್ಟವಿಲ್ಲ. ಭಾರತದಲ್ಲಿ ಆಗ ಮಧ್ಯಾಹ್ನ 3.30. ಆದರೆ ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ಅವರ ಗಡಿಯಾರ ಒಂದು ಗಂಟೆ ಹಿಂದೆ ಸರಿಯುವುದರಿಂದ ಇಲ್ಲಿ 4.30 ಆಗುತ್ತದೆ. ಲೆಕ್ಕಕ್ಕೆ ಬರುವುದು ಪ್ರವಾಸದ ದಿನವಲ್ಲ, ಬುಕ್ ಮಾಡುವ ದಿನ. ಡಿಸೆಂಬರ್ 20ರ ಊಟಕ್ಕೆ ಅಕ್ಟೋಬರ್ 21ರಂದು 3.30ಕ್ಕೆ ಕೂರಬೇಕು, ಜನವರಿ 10ರ ಊಟಕ್ಕಾದರೆ ನವೆಂಬರ್ 11ರಂದು 4.30ಕ್ಕೆ.

ಡಿಸ್ನಿಯದೇ ಹೋಟೆಲ್‌ಗಳಲ್ಲಿ ಉಳಿಯುವವರಿಗೆ ಇನ್ನೊಂದು ಅನುಕೂಲವಿದೆ. ಚೆಕ್-ಇನ್‌ಗೆ 60 ದಿನ ಇರುವಾಗಲೇ ಅವರು ತಮ್ಮ ವಾಸ್ತವ್ಯದ 10 ದಿನಗಳವರೆಗಿನ ಊಟಗಳನ್ನು ಒಟ್ಟಿಗೆ ಕಾಯ್ದಿರಿಸಬಹುದು. ಹೊರಗಿನ ಹೋಟೆಲ್‌ನವರು ಒಂದೊಂದು ದಿನಕ್ಕೂ ಬೇರೆಯಾಗಿ ಕಾಯಬೇಕು. ಹೀಗಾಗಿ ಡಿಸ್ನಿ ಹೋಟೆಲ್‌ನಲ್ಲಿರುವವರು ಅತಿ ಕಷ್ಟದ ಟೇಬಲನ್ನು ಪ್ರವಾಸದ ಕೊನೆಯ ದಿನಗಳಿಗೆ ಹುಡುಕುವುದು ಜಾಣತನ. ಆ ದಿನಗಳು ಉಳಿದ ಬಹಳ ಜನರಿಗೆ ಇನ್ನೂ ತೆರೆದಿರುವುದಿಲ್ಲ. ಮೊದಲ ದಿನಕ್ಕೆ ದೊಡ್ಡ ಊಟ ಇಟ್ಟುಕೊಳ್ಳುವುದು ಹೇಗೂ ಬೇಡ. ಒಂಬತ್ತು-ಹತ್ತು ಗಂಟೆ ಹಿಂದಿರುವ ಊರಲ್ಲಿ ಮಕ್ಕಳು ತಟ್ಟೆಯ ಮುಂದೆಯೇ ನಿದ್ದೆಗೆ ಜಾರುತ್ತಾರೆ.

ಕಾರ್ಡ್ ಸಿದ್ಧವಿರಲಿ

ಬುಕಿಂಗ್‌ಗೆ ಸಾಮಾನ್ಯವಾಗಿ ಕಾರ್ಡ್ ವಿವರ ಕೇಳುತ್ತಾರೆ. ನಮ್ಮ ಬ್ಯಾಂಕುಗಳ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ತಾನಾಗಿ ಚಾಲೂ ಇರುವುದಿಲ್ಲ, ಬ್ಯಾಂಕ್ ಆ್ಯಪ್‌ನಲ್ಲಿ ನಾವೇ ಆನ್ ಮಾಡಬೇಕು. ಇದನ್ನು ಹಿಂದಿನ ದಿನವೇ ಮುಗಿಸಿ. ಡಿಸ್ನಿ ಖಾತೆ ತೆರೆದು ಲಾಗಿನ್ ಆಗಿ, ಕಾರ್ಡನ್ನೂ ಸೇರಿಸಿಟ್ಟರೆ ಆ ಹೊತ್ತಿಗೆ ತಡಕಾಡುವುದು ತಪ್ಪುತ್ತದೆ.

ಅಜ್ಜ-ಅಜ್ಜಿ ಸೇರಿ ಆರೇಳು ಜನರಿದ್ದರೆ ಒಂದೇ ಟೇಬಲ್ ಸಿಗುವುದು ಕಷ್ಟ. ಮೂವರು-ನಾಲ್ವರಂತೆ ಎರಡು ಬುಕಿಂಗ್ ಮಾಡಿ, ಅಲ್ಲಿ ಹೋದ ಮೇಲೆ ಹತ್ತಿರ ಕೂರಿಸಲು ಕೇಳಿಕೊಳ್ಳಬಹುದು. ಕೂರಿಸಿಯೇ ಕೂರಿಸುತ್ತಾರೆಂಬ ಭರವಸೆ ಇಲ್ಲ.

ಸಿಗದಿದ್ದರೆ?

ಕೈಬಿಡಬೇಡಿ. ಹೆಚ್ಚಿನ ಕಡೆ ಊಟಕ್ಕೆ ಎರಡು ಗಂಟೆ ಮೊದಲು ರದ್ದು ಮಾಡಿದರೆ ದಂಡವಿಲ್ಲ. ರದ್ದು ಮಾಡದೆ ಹೋಗದಿದ್ದರೆ ಸಾಮಾನ್ಯವಾಗಿ ತಲೆಗೆ 10 ಡಾಲರ್. ಐವರ ಕುಟುಂಬಕ್ಕೆ ಉಣ್ಣದ ಊಟಕ್ಕೆ 50 ಡಾಲರ್! ಆದ್ದರಿಂದ ಹಿಂದಿನ ರಾತ್ರಿ ಮತ್ತು ಅದೇ ದಿನ ಬೆಳಿಗ್ಗೆ ಹಲವರು ಬುಕಿಂಗ್ ಬಿಟ್ಟುಕೊಡುತ್ತಾರೆ. ಆಗಾಗ ಆ್ಯಪ್ ನೋಡುತ್ತಿರಿ. ಕೆಲವು ರೆಸ್ಟೋರೆಂಟ್‌ಗಳು ಸ್ಥಳದಲ್ಲಿದ್ದವರನ್ನು ಆ್ಯಪ್ ಮೂಲಕವೇ ಕಾಯುವ ಪಟ್ಟಿಗೂ ಸೇರಿಸಿಕೊಳ್ಳುತ್ತವೆ.

ಸಸ್ಯಾಹಾರಿಗಳು ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ 'ಸನಾ'ವನ್ನು ಗಮನಿಸಬಹುದು. ಆಫ್ರಿಕಾ-ಭಾರತದ ರುಚಿ ಬೆರೆತ ಅಲ್ಲಿ ನಾನ್‌ನಂಥ ರೊಟ್ಟಿಗಳ ಜೊತೆ ಬಗೆಬಗೆಯ ಚಟ್ನಿ ಬರುತ್ತದೆ, ಕಿಟಕಿಯಾಚೆ ಜಿರಾಫೆ, ಜೀಬ್ರಾ ಮೇಯುವುದು ಕಾಣಿಸಬಹುದು. ಹೋಟೆಲ್‌ನಲ್ಲಿರುವುದರಿಂದ ಪಾರ್ಕ್ ಟಿಕೆಟ್ ಬೇಕಿಲ್ಲ. ಅರಮನೆಯ ಊಟಕ್ಕೆ ಮಾತ್ರ ಮ್ಯಾಜಿಕ್ ಕಿಂಗ್‌ಡಮ್ ಟಿಕೆಟ್ ಇರಲೇಬೇಕು. ಬುಕ್ ಮಾಡುವ ಮುನ್ನ ಯಾವ ದಿನ ಯಾವ ಪಾರ್ಕ್ ಎಂಬುದನ್ನು ತೀರ್ಮಾನಿಸಿಕೊಳ್ಳಿ.